ಬೆಕ್ಕು, ಪ್ರಮಾಣ ಮತ್ತು ಪ್ರಭುತ್ವ: ಇಲಿನಾಯ್ ಗವರ್ನರ್ ಅಡ್ಲೈ ಸ್ಟೀವನ್ಸನ್ ಅವರ ಎರಡು ನಿರಾಕರಣೆಗಳು (1949–1951)

ಪ್ರಸ್ತಾವನೆ

ಕಾನೂನಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಜಾರಿಗೆ ಬಂದ ಕಾನೂನುಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಶಾಸನಸಭೆಯ ಅಂಗೀಕಾರ ಪಡೆದೂ ಕಾನೂನಾಗದೆ ಹೋದ ಮಸೂದೆಗಳು ಕಡತಗಳಲ್ಲಿಯೇ ಉಳಿದುಬಿಡುತ್ತವೆ. ಆದರೆ ಒಂದು ಕಾಲದ ಸಮಾಜವು ಯಾವುದಕ್ಕೆ ಹೆದರಿತ್ತು, ಆ ಹೆದರಿಕೆಯನ್ನು ಕಾನೂನಿನ ರೂಪಕ್ಕೆ ತರಲು ಎಷ್ಟರಮಟ್ಟಿಗೆ ಸಿದ್ಧವಾಗಿತ್ತು ಎಂಬುದನ್ನು ಅರಿಯಲು ಇಂತಹ ಮಸೂದೆಗಳೂ ಅವುಗಳನ್ನು ತಡೆದವರು ಬರೆದ ಕಾರಣಗಳೂ ಮಹತ್ವದ ಆಕರಗಳಾಗುತ್ತವೆ. ಜಾನಪದ ಅಧ್ಯಯನದ ದೃಷ್ಟಿಯಿಂದಲೂ ಇವು ಗಮನಾರ್ಹ. ನೆರೆಹೊರೆಯ ಸಂಬಂಧ, ಸಾಕುಪ್ರಾಣಿ, ಆಣೆ, ಶಂಕೆ, ಚಾಡಿ ಮೊದಲಾದ ಜನಜೀವನದ ಸಂಗತಿಗಳು ಪ್ರಭುತ್ವದ ಭಾಷೆಯೊಡನೆ ಮುಖಾಮುಖಿಯಾಗುವುದು ಹೆಚ್ಚಾಗಿ ಇಂತಹ ದಾಖಲೆಗಳಲ್ಲಿಯೇ.

ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದಲ್ಲಿ 1949ರಿಂದ 1953ರವರೆಗೆ ಗವರ್ನರ್ ಆಗಿದ್ದ ಅಡ್ಲೈ ಸ್ಟೀವನ್ಸನ್ ಅವರು ತಿರಸ್ಕರಿಸಿದ ಎರಡು ಮಸೂದೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಮೊದಲನೆಯದು ಬೆಕ್ಕುಗಳ ಸಂಚಾರವನ್ನು ನಿರ್ಬಂಧಿಸುವ ಮಸೂದೆ. ಎರಡನೆಯದು ಸರಕಾರಿ ನೌಕರರಿಂದ ನಿಷ್ಠೆಯ ಪ್ರಮಾಣವನ್ನು ಬಯಸಿದ ಬ್ರಾಯ್ಲ್ಸ್ ಮಸೂದೆ. ಒಂದು ವಿನೋದದ ಪ್ರಸಂಗವಾಗಿಯೂ ಮತ್ತೊಂದು ಪೌರಸ್ವಾತಂತ್ರ್ಯದ ಚರಿತ್ರೆಯ ಘಟನೆಯಾಗಿಯೂ ಪ್ರತ್ಯೇಕವಾಗಿ ನೆನಪಿನಲ್ಲಿ ಉಳಿದಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ನೆರೆಯವನನ್ನು ನೆರೆಯವನ ಮೇಲಿನ ಕಾವಲುಗಾರನನ್ನಾಗಿ ಮಾಡುವ ಅಧಿಕಾರ ಪ್ರಭುತ್ವಕ್ಕೆ ಬೇಡ ಎಂಬ ಒಂದೇ ತತ್ತ್ವ ಎರಡರಲ್ಲಿಯೂ ಕೆಲಸ ಮಾಡಿರುವುದು ಕಂಡುಬರುತ್ತದೆ. ಈ ತತ್ತ್ವದ ಬಲದ ಮೇಲೆಯೇ ಸ್ಟೀವನ್ಸನ್ ಅವರ ನಿರಾಕರಣೆಗಳನ್ನು ಸಮರ್ಥಿಸಬಹುದು ಎಂಬುದು ಇಲ್ಲಿಯ ಪ್ರತಿಪಾದನೆ.

ಇಲಿನಾಯ್‌ನಲ್ಲಿ ನಿರಾಕರಣಾಧಿಕಾರದ ಬೆಳವಣಿಗೆ

ಶಾಸಕಾಂಗ ಅಂಗೀಕರಿಸಿದ ಮಸೂದೆಯನ್ನು ಕಾರ್ಯಾಂಗದ ಮುಖ್ಯಸ್ಥ ತಡೆಯುವ ಅಧಿಕಾರವನ್ನು ವೀಟೊ ಅಥವಾ ನಿರಾಕರಣಾಧಿಕಾರ ಎನ್ನಲಾಗುತ್ತದೆ. ಇಲಿನಾಯ್ 1818ರಲ್ಲಿ ರಾಜ್ಯವಾದಾಗ ಈ ಅಧಿಕಾರ ಗವರ್ನರ್ ಒಬ್ಬನ ಕೈಯಲ್ಲಿ ಇರಲಿಲ್ಲ. ಗವರ್ನರ್ ಮತ್ತು ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ಕೂಡಿದ ಒಂದು ಪರಿಶೀಲನಾ ಮಂಡಲಿಗೆ ಅದನ್ನು ಕೊಡಲಾಗಿತ್ತು. 1848ರ ಸಂವಿಧಾನ ಆ ಮಂಡಲಿಯನ್ನು ಕೈಬಿಟ್ಟು ಗವರ್ನರ್‌ಗೆ ಅಧಿಕಾರ ನೀಡಿತಾದರೂ, ಶಾಸಕಾಂಗವು ಸರಳ ಬಹುಮತದಿಂದಲೇ ಅದನ್ನು ಮೀರಬಹುದಾಗಿತ್ತು. 1870ರ ಸಂವಿಧಾನದಲ್ಲಿ ಮಾತ್ರ ಎರಡೂ ಸದನಗಳ ಮೂರನೆಯ ಎರಡರಷ್ಟು ಸದಸ್ಯರ ಬೆಂಬಲವಿದ್ದರೆ ಗವರ್ನರ್‌ನ ನಿರಾಕರಣೆಯನ್ನು ಮೀರಬಹುದೆಂಬ ನಿಯಮ ಬಂದಿತು. ಸ್ಟೀವನ್ಸನ್ ಅವರ ಕಾಲದಲ್ಲಿ ಜಾರಿಯಲ್ಲಿದ್ದುದು ಈ ಸಂವಿಧಾನವೇ.

ಈ ಬೆಳವಣಿಗೆಯಲ್ಲಿ ಅಧಿಕಾರದ ಪ್ರಮಾಣಕ್ಕಿಂತ ಅದಕ್ಕೆ ಅಂಟಿಕೊಂಡಿದ್ದ ಕರ್ತವ್ಯ ಮುಖ್ಯವಾದುದು. ಮಸೂದೆಯನ್ನು ಒಪ್ಪದ ಗವರ್ನರ್ ಅದನ್ನು ಸುಮ್ಮನೆ ಇಟ್ಟುಕೊಳ್ಳುವಂತಿರಲಿಲ್ಲ. ತನ್ನ ಆಕ್ಷೇಪಗಳನ್ನು ಬರೆದು, ಮಸೂದೆ ಹುಟ್ಟಿದ ಸದನಕ್ಕೇ ಹಿಂದಿರುಗಿಸಬೇಕಾಗಿತ್ತು. ಆ ಸದನ ಆಕ್ಷೇಪಗಳನ್ನು ಪೂರ್ಣವಾಗಿ ತನ್ನ ನಡಾವಳಿಯಲ್ಲಿ ದಾಖಲಿಸಿಕೊಂಡು ಮರುಪರಿಶೀಲನೆ ನಡೆಸಬೇಕಾಗಿತ್ತು. ಇದಕ್ಕೆ ಹತ್ತು ದಿನಗಳ ಗಡುವೂ ಇತ್ತು. ಹೀಗಾಗಿ ಇಲಿನಾಯ್‌ನ ವೀಟೊ ಎಂದರೆ ಕಾರಣ ಹೇಳುವ ಹೊಣೆ ಹೊತ್ತ ನಿರಾಕರಣೆ. ಬೆಕ್ಕಿನ ಮಸೂದೆಗೂ ಬ್ರಾಯ್ಲ್ಸ್ ಮಸೂದೆಗೂ ಸ್ಟೀವನ್ಸನ್ ಬರೆದ ಸಂದೇಶಗಳು ಇಂದು ಅಧ್ಯಯನಕ್ಕೆ ದೊರೆಯುತ್ತಿರುವುದು ಈ ಕಡ್ಡಾಯದಿಂದಾಗಿ.

ಸ್ಟೀವನ್ಸನ್ ಮನೆತನ ರಾಜಕೀಯಕ್ಕೆ ಹೊಸದಾಗಿರಲಿಲ್ಲ. ಅದೇ ಹೆಸರಿನ ಅವರ ಅಜ್ಜ 1893ರಿಂದ 1897ರವರೆಗೆ ದೇಶದ ಉಪಾಧ್ಯಕ್ಷರಾಗಿದ್ದವರು. ಮೊಮ್ಮಗ ಅಡ್ಲೈ 1900ರಲ್ಲಿ ಹುಟ್ಟಿ ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಬೆಳೆದವರು, ವೃತ್ತಿಯಿಂದ ವಕೀಲರು. 1948ರ ಚುನಾವಣೆಯಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಭ್ಯರ್ಥಿಯಾಗಿ 5 ಲಕ್ಷ 70 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಶಾಸಕಾಂಗದಂತೆಯೇ ಅವರೂ ನೇರವಾಗಿ ಜನರಿಂದ ಆಯ್ಕೆಯಾಗಿ ಬಂದವರು ಎಂಬ ಅಂಶವನ್ನು ಮುಂದಿನ ಚರ್ಚೆಯ ದೃಷ್ಟಿಯಿಂದ ನೆನಪಿನಲ್ಲಿಡಬೇಕು.

ಬೆಕ್ಕಿನ ಮಸೂದೆ

ಇಲಿನಾಯ್ ಸೆನೆಟ್‌ನ 93ನೆಯ ಸಂಖ್ಯೆಯ ಮಸೂದೆಯ ಉದ್ದೇಶ ಹುಳಹುಪ್ಪಟೆಗಳನ್ನು ತಿಂದು ಬದುಕುವ ಹಕ್ಕಿಗಳನ್ನು ಬೆಕ್ಕುಗಳಿಂದ ಕಾಪಾಡುವುದು. ಬೆಕ್ಕು ಯಜಮಾನನ ಹಿತ್ತಿಲು ದಾಟಿ ಹೊರಗೆ ಅಡ್ಡಾಡಿದರೆ ಯಜಮಾನನಿಗೆ ದಂಡ ಬೀಳುತ್ತಿತ್ತು. ಹಾಗೆ ತಿರುಗುವ ಬೆಕ್ಕನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು, ಇಲ್ಲವೇ ಪೊಲೀಸರನ್ನು ಕರೆಸಿ ಹಿಡಿಸಬಹುದಿತ್ತು. ಬೋನು ಇಡುವುದಕ್ಕೂ ಅವಕಾಶವಿತ್ತು. ಹೊಲಮನೆ, ಹಳ್ಳಿ, ಮಹಾನಗರ ಎಂಬ ಭೇದವಿಲ್ಲದೆ ಇಡೀ ರಾಜ್ಯಕ್ಕೆ ಅದು ಅನ್ವಯಿಸುತ್ತಿತ್ತು. ಹಿಂದಿನ ಹಲವು ಅಧಿವೇಶನಗಳಲ್ಲಿ ಬಂದು ನಗೆಗೂ ಗುರಿಯಾಗಿದ್ದ ಈ ಮಸೂದೆ 1949ರಲ್ಲಿ ಅಂಗೀಕಾರ ಪಡೆಯಿತು. ಏಪ್ರಿಲ್ 23ರಂದು ಸ್ಟೀವನ್ಸನ್ ಅದನ್ನು ತಿರಸ್ಕರಿಸಿದರು.

ಅವರ ಸಂದೇಶ ಅಮೆರಿಕದ ರಾಜಕೀಯ ವಿನೋದದ ಸಂಕಲನಗಳಲ್ಲಿ ಸ್ಥಾನ ಪಡೆದಿದೆ. ನೆರೆಮನೆಯ ಅಂಗಳಕ್ಕೆ ಹೋಗುವ ಇಲ್ಲವೇ ರಸ್ತೆ ದಾಟುವ ಬೆಕ್ಕನ್ನು ಸಾರ್ವಜನಿಕ ಪೀಡೆಯೆಂದು ಸಾರುವುದು ರಾಜ್ಯದ ನೀತಿಯಾಗಬಾರದು; ಜೊತೆಗಾರರಿಲ್ಲದೆ ಒಂದಿಷ್ಟು ಅಲೆಯುವುದು ಬೆಕ್ಕಿನ ಸ್ವಭಾವ; ಹಗ್ಗ ಕಟ್ಟಿ ತಿರುಗಾಡಿಸುವುದು ಬೆಕ್ಕಿನ ಪ್ರಕೃತಿಗೆ ವಿರುದ್ಧ, ಅಪಾಯ ತುಂಬಿದ ರಾತ್ರಿಗೆ ಅದನ್ನು ಒಂಟಿಯಾಗಿ ಬಿಡುವುದು ಯಜಮಾನನ ಪ್ರಕೃತಿಗೆ ವಿರುದ್ಧ; ಹಳ್ಳಿಗಳಲ್ಲಿ ಇಲಿಗಳನ್ನು ಹಿಡಿಯುವ ಉಪಕಾರವನ್ನು ಅದು ಒಂಟಿಯಾಗಿ, ಆಸ್ತಿಯ ಗಡಿಗಳನ್ನು ಲೆಕ್ಕಿಸದೆಯೇ ಮಾಡಬೇಕಾಗುತ್ತದೆ. ಬೆಕ್ಕು-ಹಕ್ಕಿಗಳ ಜಗಳದಲ್ಲಿ ಸರಕಾರ ಪಕ್ಷ ವಹಿಸಿದರೆ, ನಾಳೆ ನಾಯಿ-ಬೆಕ್ಕು, ಹಕ್ಕಿ-ಹಕ್ಕಿ, ಕೊನೆಗೆ ಹಕ್ಕಿ-ಹುಳುಗಳ ಜಗಳವನ್ನೂ ತೀರಿಸಬೇಕಾದೀತು ಎಂದು ಅವರು ಬರೆದರು.

ಹಾಸ್ಯದ ನಡುವೆ ಸಾಮಾನ್ಯವಾಗಿ ಗಮನಕ್ಕೆ ಬಾರದೆ ಹೋಗುವ ಒಂದು ಮಾತು ಇದೇ ಸಂದೇಶದಲ್ಲಿದೆ. ಉತ್ಸಾಹಿ ನಾಗರಿಕರ ಕೈಗೆ ಬೋನು ಕೊಟ್ಟರೆ ಪ್ರತಿಯೊಂದು ಬೆಕ್ಕಿನ ಸಣ್ಣ ಓಡಾಟವೂ ಬೇಟೆಗೆ ಅವಕಾಶವಾಗುತ್ತದೆ, ಈ ಕಾನೂನಿನಿಂದ ಹುಟ್ಟುವುದು ವೈಮನಸ್ಯ, ಪರಸ್ಪರ ದೂಷಣೆ ಮತ್ತು ಹಗೆತನ ಮಾತ್ರ ಎಂಬುದು ಅದರ ಭಾವ. ಆಕ್ಷೇಪದ ತಿರುಳು ಇಲ್ಲಿದೆ. ಬೆಕ್ಕಿನ ಯಜಮಾನ ಮತ್ತು ನೆರೆಯವನ ನಡುವೆ ಮಾತಿನಲ್ಲಿ ಬಗೆಹರಿಯಬೇಕಾದ ವ್ಯವಹಾರಕ್ಕೆ ಪೊಲೀಸರನ್ನು ಕರೆತರುವುದು ನೆರೆಹೊರೆ ಎಂಬ ಸಂಸ್ಥೆಯನ್ನೇ ಕೆಡಿಸುತ್ತದೆ ಎಂಬುದನ್ನು ಗವರ್ನರ್ ಗುರುತಿಸಿದ್ದರು.

ಬೆಕ್ಕಿನ ವಿಷಯದಲ್ಲಿ ಅರಸೊತ್ತಿಗೆಯ ಕಟ್ಟಳೆಯನ್ನು ನಗೆಗೀಡುಮಾಡುವ ಪರಂಪರೆ ಕನ್ನಡ ಜನಪದಕ್ಕೂ ಪರಿಚಿತ. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿ, ಕೃಷ್ಣದೇವರಾಯ ಮನೆಮನೆಗೂ ಬೆಕ್ಕನ್ನೂ ಅದರ ಹಾಲಿಗಾಗಿ ಹಸುವನ್ನೂ ಹಂಚಿದನೆಂದೂ, ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಸುಡುವ ಹಾಲನ್ನು ಇಟ್ಟು ಅದು ಹಾಲು ಕಂಡರೆ ಓಡುವಂತೆ ಮಾಡಿದನೆಂದೂ ಕನ್ನಡ, ತೆಲುಗು ನಾಡುಗಳಲ್ಲಿ ಕಥೆ ಹೇಳುತ್ತಾರೆ. ಈ ಕಥೆಯನ್ನು ಚರಿತ್ರೆಯೆಂದು ತಿಳಿಯಬೇಕಾಗಿಲ್ಲ. ಮನೆಯ ಒಲೆಯ ಪಕ್ಕ ಮಲಗುವ ಪ್ರಾಣಿಯ ತನಕ ಅರಮನೆಯ ಆಜ್ಞೆ ಬಂದಾಗ ಜನ ನಗುವಿನಿಂದ ಉತ್ತರಿಸುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. ಸ್ಟೀವನ್ಸನ್ ಅವರ ವಿಶೇಷವೆಂದರೆ ಈ ನಗು ಅರಮನೆಯ ಒಳಗಿನಿಂದಲೇ ಬಂದುದು.

ಬ್ರಾಯ್ಲ್ಸ್ ಮಸೂದೆಯ ಹಿನ್ನೆಲೆ

ಬೆಕ್ಕಿನ ಮಸೂದೆ ತಿರಸ್ಕೃತವಾದ 1949ರ ಏಪ್ರಿಲ್ ತಿಂಗಳಿನಲ್ಲಿಯೇ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬೇರೊಂದು ಬಗೆಯ ಬೇಟೆ ನಡೆದಿತ್ತು. ಮೌಂಟ್ ವರ್ನನ್‌ನ ರಿಪಬ್ಲಿಕನ್ ಸೆನೆಟರ್ ಪಾಲ್ ಬ್ರಾಯ್ಲ್ಸ್ ಅವರ ನೇತೃತ್ವದ ಆಯೋಗವೊಂದು ರಾಜದ್ರೋಹದ ಚಟುವಟಿಕೆಗಳ ತನಿಖೆಗಾಗಿ 1947ರಿಂದ ಕೆಲಸ ಮಾಡುತ್ತಿತ್ತು. ಅದು ಷಿಕಾಗೊ ವಿಶ್ವವಿದ್ಯಾಲಯ ಮತ್ತು ರೂಸ್‌ವೆಲ್ಟ್ ಕಾಲೇಜುಗಳಲ್ಲಿ ಕಮ್ಯುನಿಸ್ಟ್ ಪ್ರಭಾವವಿದೆಯೆಂಬ ಆರೋಪದ ವಿಚಾರಣೆಯನ್ನು ಆ ತಿಂಗಳಿನಲ್ಲಿ ನಡೆಸಿತು. ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಆಯೋಗದ ಎದುರು ಹಾಜರಾಗಿ ವಿಚಾರಸ್ವಾತಂತ್ರ್ಯವನ್ನು ಸಮರ್ಥಿಸಿದರು. ಆ ಅಧಿವೇಶನದಲ್ಲಿ ಬ್ರಾಯ್ಲ್ಸ್ ಮಂಡಿಸಿದ್ದ ಮಸೂದೆಗಳು ಕಾನೂನಾಗಲಿಲ್ಲ.

ಮುಂದಿನ ಎರಡು ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. 1950ರ ಫೆಬ್ರವರಿಯಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ತುಂಬಿದ್ದಾರೆಂದು ಆರೋಪಿಸಿದರು. ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾಯಿತು. ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಅವರ ನಿರಾಕರಣೆಯನ್ನು ಮೀರಿ ಆಂತರಿಕ ಭದ್ರತಾ ಕಾನೂನು ಜಾರಿಗೆ ಬಂದಿತು. ಮೇರಿಲ್ಯಾಂಡ್ ರಾಜ್ಯ 1949ರಲ್ಲಿ ತಂದಿದ್ದ ಓಬರ್ ಕಾನೂನನ್ನು ಅಲ್ಲಿಯ ಮತದಾರರೇ 1950ರ ನವೆಂಬರ್‌ನಲ್ಲಿ ಭಾರಿ ಬಹುಮತದಿಂದ ಒಪ್ಪಿದರು. 1951ರ ಜೂನ್ 4ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಡೆನಿಸ್ ಮೊಕದ್ದಮೆಯಲ್ಲಿ ಕಮ್ಯುನಿಸ್ಟ್ ನಾಯಕರ ಶಿಕ್ಷೆಯನ್ನು ಎತ್ತಿಹಿಡಿಯಿತು. ಈ ವಾತಾವರಣದಲ್ಲಿ ಇಲಿನಾಯ್‌ನ ಎರಡೂ ಸದನಗಳು ಬ್ರಾಯ್ಲ್ಸ್ ಅವರ ಹೊಸ ಮಸೂದೆಯನ್ನು ದೊಡ್ಡ ಬಹುಮತದಿಂದ ಅಂಗೀಕರಿಸಿದವು. ಬುಡಮೇಲು ಸಂಘಟನೆಯ ಸದಸ್ಯತ್ವವನ್ನು ಅದು ಘೋರ ಅಪರಾಧವನ್ನಾಗಿ ಮಾಡುತ್ತಿತ್ತು. ಶಿಕ್ಷಕರೂ ಸೇರಿದಂತೆ ಸರಕಾರಿ ನೌಕರರು ಮತ್ತು ಚುನಾವಣೆಯ ಅಭ್ಯರ್ಥಿಗಳು ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ಶಂಕಿತರ ಬಗ್ಗೆ ಮಾಹಿತಿ ಕಲೆಹಾಕಲು ವಿಶೇಷ ಅಧಿಕಾರಿಯೊಬ್ಬನ ನೇಮಕಕ್ಕೂ ಅವಕಾಶವಿತ್ತು.

ಸ್ಟೀವನ್ಸನ್ ಅವರ ಸ್ಥಿತಿ ನಾಜೂಕಾಗಿತ್ತು. ಗೂಢಚರ್ಯೆಯ ಆರೋಪಕ್ಕೆ ಗುರಿಯಾಗಿದ್ದ ಆಲ್ಜರ್ ಹಿಸ್ ಅವರಿಗೆ ಇದ್ದ ಹೆಸರಿನ ಬಗ್ಗೆ 1949ರಲ್ಲಿ ಪ್ರಮಾಣಪೂರ್ವಕ ಹೇಳಿಕೆ ನೀಡಿದ್ದಕ್ಕಾಗಿ ಅವರು ವಿರೋಧಿಗಳ ಟೀಕೆಗೆ ಒಳಗಾಗಿದ್ದರು. ಮಸೂದೆಗೆ ಸಹಿ ಹಾಕಿದ್ದರೆ ಆ ಟೀಕೆಗೆ ಸುಲಭದ ಉತ್ತರ ದೊರೆಯುತ್ತಿತ್ತು. 1951ರ ಜೂನ್ 26ರಂದು, ಕೊರಿಯಾ ಯುದ್ಧಕ್ಕೆ ಒಂದು ವರ್ಷ ತುಂಬಿದ ಮರುದಿನ, ಅವರು ಮಸೂದೆಯನ್ನು ತಿರಸ್ಕರಿಸಿದರು. ತಮ್ಮ ನಿರ್ಧಾರವನ್ನು ತಿರುಚಿ ಹೇಳಲಾಗುವುದೆಂಬ ಅರಿವು ತಮಗಿದೆ ಎಂದೂ ಸಂದೇಶದಲ್ಲಿ ಬರೆದರು.

ಸಂದೇಶದ ವಾದಗಳು ಸರಳವಾಗಿವೆ. ಹಿಂಸೆಯಿಂದ ಸರಕಾರವನ್ನು ಉರುಳಿಸುವ ಪ್ರಯತ್ನವನ್ನು ಶಿಕ್ಷಿಸುವ ರಾಜ್ಯದ ಕಾನೂನು 1919ರಿಂದಲೂ ಇದೆ; ಗೂಢಚರ್ಯೆಯನ್ನು ತಡೆಯುವ ಕೆಲಸ ಒಕ್ಕೂಟ ಸರಕಾರದ ನುರಿತ ಸಂಸ್ಥೆಗಳದು. ನಿಜವಾದ ದ್ರೋಹಿ ಪ್ರಮಾಣಪತ್ರಕ್ಕೆ ಸಹಿ ಹಾಕಲು ಹಿಂಜರಿಯುವುದಿಲ್ಲ. ಅವನು ಸಿಕ್ಕಿಬೀಳುವುದು ನಿರಂತರ ತನಿಖೆಯಿಂದಲೇ ಹೊರತು ಕಾಗದದ ತುಂಡಿನಿಂದಲ್ಲ. ನಿಷ್ಠೆಯನ್ನು ಶೋಧಿಸುವ ಪರಿಪಾಠ ಸರ್ವಾಧಿಕಾರದ ಲಕ್ಷಣ, ಏಕೆಂದರೆ ಬಲಾತ್ಕಾರದ ಮೇಲೆ ನಿಂತ ಸರ್ವಾಧಿಕಾರಿ ಎಲ್ಲರನ್ನೂ ಶಂಕಿಸಲೇಬೇಕು. ಪ್ರಜಾಪ್ರಭುತ್ವ ನಿಂತಿರುವುದು ಸಮ್ಮತಿಯ ಮೇಲೆ. ಈ ಕಾನೂನು ದ್ರೋಹಿಗಳನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಪ್ರಾಮಾಣಿಕರನ್ನು ಬೆದರಿಸುತ್ತದೆ. ಇಲಿಗಳನ್ನು ಕೊಲ್ಲಲು ಮನೆಗೇ ಬೆಂಕಿ ಇಡಬಾರದು ಎಂಬ ಗಾದೆಯಂತಹ ಮಾತೂ ಈ ಸಂದೇಶದಲ್ಲಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದನ್ನು ಆಡಿಕೊಳ್ಳುವ ಕನ್ನಡದ ಗಾದೆಯ ವಿವೇಕವೂ ಇದೇ ಬಗೆಯದು.

ಪ್ರಮಾಣ: ಜನಪದದ ನೆಲೆ ಮತ್ತು ಪ್ರಭುತ್ವದ ನೆಲೆ

ನಿಷ್ಠೆಯ ಪ್ರಮಾಣದಲ್ಲಿ ತಪ್ಪೇನು ಎಂಬ ಪ್ರಶ್ನೆಯನ್ನು ಅಂದು ಅನೇಕರು ಕೇಳಿದ್ದರು. ನಿಷ್ಠಾವಂತನಿಗೆ ನಿಷ್ಠೆಯನ್ನು ಹೇಳಿಕೊಳ್ಳುವುದರಲ್ಲಿ ಕಷ್ಟವೇನು ಎಂಬುದು ಅವರ ವಾದ. ಇದಕ್ಕೆ ಸಂವಿಧಾನದ ಪಂಡಿತರು ಕೊಡುವ ಉತ್ತರದ ಜೊತೆಗೆ ಜಾನಪದ ಅಧ್ಯಯನವೂ ಒಂದು ಉತ್ತರವನ್ನು ಕೊಡಬಲ್ಲದು.

ಕರ್ನಾಟಕದ ಹಾಗೂ ಅದರ ಸುತ್ತಲಿನ ಜನಪದ ನ್ಯಾಯಪದ್ಧತಿಯಲ್ಲಿ ಆಣೆ-ಪ್ರಮಾಣಗಳಿಗೆ ದೀರ್ಘವಾದ ಇತಿಹಾಸವಿದೆ. ಕನ್ನಡ ಶಾಸನಗಳಲ್ಲಿ ದಿವ್ಯಪರೀಕ್ಷೆಯ ಪ್ರಸ್ತಾಪಗಳು ಬರುತ್ತವೆ. ತುಳುನಾಡಿನ ಜನ ಸತ್ಯಪ್ರಮಾಣಕ್ಕಾಗಿ ಕಾಸರಗೋಡು ಜಿಲ್ಲೆಯ ಕಾನತ್ತೂರಿನ ನಾಲ್ವರ್ ದೈವಸ್ಥಾನಕ್ಕೆ ಹೋಗುವ ರೂಢಿ ಪ್ರಸಿದ್ಧ. ಇಂತಹ ಪ್ರಮಾಣದ ರಚನೆಯನ್ನು ಗಮನಿಸಿದರೆ ನಾಲ್ಕು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಅಲ್ಲಿ ನಿರ್ದಿಷ್ಟ ವ್ಯಾಜ್ಯವಿರುತ್ತದೆ: ಗಡಿಕಲ್ಲು, ಸಾಲ, ಕಳುವು ಇತ್ಯಾದಿ. ಎರಡು, ಆರೋಪಿಸುವವನು ಕಣ್ಣೆದುರಿಗೆ ಇರುತ್ತಾನೆ. ಸುಳ್ಳು ಆರೋಪದ ಪಾಪ ತನ್ನನ್ನೂ ತಟ್ಟುತ್ತದೆಂಬ ಭಯ ಅವನಿಗೂ ಇರುತ್ತದೆ. ಮೂರು, ಮಾತುಕತೆ, ಪಂಚಾಯಿತಿ ಎಲ್ಲವೂ ಮುಗಿದ ಬಳಿಕ ಕೊನೆಯ ಉಪಾಯವಾಗಿ ಪ್ರಮಾಣ ಬರುತ್ತದೆ. ನಾಲ್ಕು, ಪ್ರಮಾಣವಾದ ಮೇಲೆ ವ್ಯಾಜ್ಯ ಮುಗಿಯುತ್ತದೆ. ಇಬ್ಬರೂ ಮತ್ತೆ ಒಂದೇ ಊರಿನಲ್ಲಿ ಬದುಕುತ್ತಾರೆ.

ಬ್ರಾಯ್ಲ್ಸ್ ಮಸೂದೆಯ ಪ್ರಮಾಣದಲ್ಲಿ ಈ ನಾಲ್ಕೂ ತಲೆಕೆಳಗಾಗಿದ್ದವು. ಅಲ್ಲಿ ವ್ಯಾಜ್ಯವಿಲ್ಲ, ಎಲ್ಲರ ಮೇಲೂ ಹರಡಿದ ಶಂಕೆಯಿದೆ. ಆರೋಪಿಸುವವನು ಕಾಣುವುದಿಲ್ಲ, ಅವನ ಮಾತು ಮಾಹಿತಿಯ ರೂಪದಲ್ಲಿ ಕಡತ ಸೇರುತ್ತದೆ, ಸುಳ್ಳಾದರೂ ಅವನಿಗೆ ಬಾಧೆಯಿಲ್ಲ. ಪ್ರಮಾಣ ಕೊನೆಯ ಉಪಾಯವಾಗದೆ ಕೆಲಸಕ್ಕೆ ಸೇರುವ ಮೊದಲ ಮೆಟ್ಟಿಲಾಗುತ್ತದೆ. ಪ್ರಮಾಣ ಮಾಡಿದವನ ಮೇಲಿನ ಶಂಕೆಯೂ ಅಲ್ಲಿಗೆ ಮುಗಿಯುವುದಿಲ್ಲ. ವಿಶೇಷ ಅಧಿಕಾರಿಯ ಕಡತ ತೆರೆದೇ ಇರುತ್ತದೆ. ಜನಪದದ ಆಣೆ ಒಡೆದ ನೆರೆಹೊರೆಯನ್ನು ಕೂಡಿಸುವ ಸಾಧನವಾದರೆ, ನಿಷ್ಠೆಯ ಪ್ರಮಾಣ ಕೂಡಿರುವ ನೆರೆಹೊರೆಯನ್ನು ಒಡೆಯುವ ಸಾಧನವಾಗುತ್ತಿತ್ತು.

ಕೊಟ್ಟ ಮಾತಿಗೆ ಬೆಲೆ ಬರುವುದು ಅದು ತಾನಾಗಿ ಕೊಟ್ಟದ್ದಾದಾಗ. ಕನ್ನಡಿಗರೆಲ್ಲರೂ ಬಲ್ಲ ಗೋವಿನ ಹಾಡಿನಲ್ಲಿ ಪುಣ್ಯಕೋಟಿ ತಾನೇ ಮಾತು ಕೊಟ್ಟು, ತಾನೇ ಹಿಂದಿರುಗಿ ಬರುತ್ತದೆ. ಹುಲಿ ಎಲ್ಲ ಹಸುಗಳನ್ನೂ ಸಾಲಾಗಿ ನಿಲ್ಲಿಸಿ ಪ್ರಮಾಣ ಮಾಡಿಸಿದ್ದರೆ ಆ ಕಥೆಗೆ ಸತ್ಯದ ಕಥೆಯೆಂಬ ಹೆಸರು ಬರುತ್ತಿರಲಿಲ್ಲ. ಸಮ್ಮತಿಯ ಮೇಲೆ ನಿಂತ ವ್ಯವಸ್ಥೆ ತನ್ನ ಜನರ ನಿಷ್ಠೆಯನ್ನು ಮೊದಲೇ ನಂಬಬೇಕು ಎಂಬ ಸ್ಟೀವನ್ಸನ್ ಅವರ ವಾದದ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಹೀಗೆ ನೋಡಿದಾಗ ಎರಡು ಸಂದೇಶಗಳ ನಡುವಿನ ಸಂಬಂಧ ಸ್ಪಷ್ಟವಾಗುತ್ತದೆ. ಬೆಕ್ಕಿನ ಮಸೂದೆ ಯಾರು ಬೇಕಾದರೂ ನೆರೆಯವನ ಬೆಕ್ಕಿಗೆ ಬೋನು ಇಡಲು ಅನುಮತಿ ಕೊಡುತ್ತಿತ್ತು. ಬ್ರಾಯ್ಲ್ಸ್ ಮಸೂದೆ ಯಾರು ಬೇಕಾದರೂ ನೆರೆಯವನ ವಿಚಾರಗಳ ಬಗ್ಗೆ ಮಾಹಿತಿ ಒದಗಿಸುವ ವಾತಾವರಣವನ್ನು ಹುಟ್ಟಿಸುತ್ತಿತ್ತು. ಒಂದರಲ್ಲಿ ಬೆಕ್ಕಿನ ಅಲೆದಾಟ, ಇನ್ನೊಂದರಲ್ಲಿ ಮನುಷ್ಯನ ಆಲೋಚನೆಯ ಅಲೆದಾಟ ಅಪರಾಧವಾಗುತ್ತಿತ್ತು. ಸಣ್ಣ ಮಸೂದೆಯನ್ನು ಅಳೆದ ಅಳತೆಗೋಲನ್ನೇ ಅವರು ದೊಡ್ಡ ಮಸೂದೆಗೂ ಬಳಸಿದರು. ಬೆಕ್ಕಿನ ವಿಷಯದಲ್ಲಿ ಅಪಾಯವಿಲ್ಲದೆ ಆಡಬಹುದಾಗಿದ್ದ ಮಾತನ್ನು ತಮ್ಮ ರಾಜಕೀಯ ಭವಿಷ್ಯವೇ ಪಣಕ್ಕೊಡ್ಡಿದ್ದ ಸಂದರ್ಭದಲ್ಲಿಯೂ ಬದಲಿಸಲಿಲ್ಲ ಎಂಬುದರಲ್ಲಿ ಅವರ ಹಿರಿಮೆ ಇದೆ.

ಆಕ್ಷೇಪಗಳು ಮತ್ತು ಸಮಾಧಾನ

ಈ ಸಮರ್ಥನೆಗೆ ಎದುರಾಗುವ ಆಕ್ಷೇಪಗಳನ್ನು ಕಡೆಗಣಿಸುವಂತಿಲ್ಲ. ಮೊದಲನೆಯದು ಬಹುಮತದ ಪ್ರಶ್ನೆ. ಜನಪ್ರತಿನಿಧಿಗಳ ಎರಡು ಸದನಗಳು ಒಪ್ಪಿದುದನ್ನು ಒಬ್ಬ ವ್ಯಕ್ತಿ ತಡೆಯುವುದು ಪ್ರಜಾಪ್ರಭುತ್ವವೇ? ಮೇರಿಲ್ಯಾಂಡ್‌ನಲ್ಲಿ ಮತದಾರರೇ ಇಂತಹ ಕಾನೂನನ್ನು ಒಪ್ಪಿದ್ದರೆಂಬುದು ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ಆದರೆ ಇಲಿನಾಯ್ ಗವರ್ನರ್ ಕೂಡ ಅದೇ ಜನರ ಮತದಿಂದ ಬಂದವರು. ಅವರ ನಿರಾಕರಣೆಯನ್ನು ಮೀರುವ ದಾರಿ ಸಂವಿಧಾನದಲ್ಲಿಯೇ ಇತ್ತು. ಬ್ರಾಯ್ಲ್ಸ್ ಮಸೂದೆಯ ಬೆಂಬಲಿಗರಿಗೆ 1951ರಲ್ಲಿ ಅದು ಸಾಧ್ಯವಾಗಲಿಲ್ಲ. ವೀಟೊ ಸಂವಾದವನ್ನು ಮುಚ್ಚದೆ, ಇನ್ನೊಮ್ಮೆ ಯೋಚಿಸುವಂತೆ ಸದನವನ್ನು ಕೇಳಿತು.

ಎರಡನೆಯ ಆಕ್ಷೇಪ ವೀಟೊ ಎಂಬ ಅಧಿಕಾರವನ್ನೇ ಕುರಿತದ್ದು. ಅದು ಯಾವಾಗಲೂ ಸ್ವಾತಂತ್ರ್ಯದ ಪಕ್ಷದಲ್ಲಿ ಬಳಕೆಯಾಗಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ನಾಗರಿಕ ಹಕ್ಕುಗಳನ್ನು ಕೊಡುವ ಮಸೂದೆಯನ್ನು 1866ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ತಿರಸ್ಕರಿಸಿದ್ದರು. ಅಂದಿನ ಕಾಂಗ್ರೆಸ್ ಆ ನಿರಾಕರಣೆಯನ್ನು ಮೀರಿ ಕಾನೂನು ಮಾಡಿದ್ದು ಸರಿಯಾಗಿತ್ತು. ಆದುದರಿಂದ ವೀಟೊವನ್ನು ಅಧಿಕಾರವೆಂಬ ನೆಲೆಯಲ್ಲಿ ಹೊಗಳುವುದರಲ್ಲಿ ಅರ್ಥವಿಲ್ಲ. ಬರೆದ ಕಾರಣಗಳ ಯೋಗ್ಯತೆಯ ಮೇಲೆ ಒಂದೊಂದು ನಿರಾಕರಣೆಯನ್ನೂ ಪ್ರತ್ಯೇಕವಾಗಿ ತೂಗಬೇಕಾಗುತ್ತದೆ.

ಮೂರನೆಯ ಆಕ್ಷೇಪ ಹಕ್ಕಿಪ್ರಿಯರದು. ಬೆಕ್ಕಿನ ಮಸೂದೆಯನ್ನು ನಗೆಯಲ್ಲಿ ತೇಲಿಸಿದ್ದು ಸರಿಯೇ? ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆಂದು 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ಅಂದಾಜು ಮಾಡಿದೆ. ಆ ಲೆಕ್ಕದ ಮುಂದೆ ಮಸೂದೆಯ ಬೆಂಬಲಿಗರ ಕಾಳಜಿ ಕ್ಷುಲ್ಲಕವಾಗಿರಲಿಲ್ಲವೆಂದು ಒಪ್ಪಬೇಕು. ಬೆಕ್ಕುಗಳು ಹಕ್ಕಿಗಳನ್ನು ಕೊಲ್ಲುತ್ತವೆಂಬುದನ್ನು ಸ್ಟೀವನ್ಸನ್ ಕೂಡ ಅಲ್ಲಗಳೆದಿರಲಿಲ್ಲ. ಉದ್ದೇಶ ಒಳ್ಳೆಯದಿದ್ದರೂ ನೆರೆಯವನ ಕೈಗೆ ಬೋನು ಕೊಡುವ ಮಾರ್ಗ ತಪ್ಪು ಎಂಬುದು ಅವರ ಆಕ್ಷೇಪವಾಗಿತ್ತು. ಬ್ರಾಯ್ಲ್ಸ್ ಮಸೂದೆಗೂ ಅವರು ಇದೇ ರೀತಿ ಉತ್ತರಿಸಿದರು. ಕಮ್ಯುನಿಸಂ ಅಪಾಯವೆಂಬುದನ್ನು ಒಪ್ಪಿಯೇ ಪರಿಹಾರವನ್ನು ತಿರಸ್ಕರಿಸಿದರು.

ಈ ನಿರಾಕರಣೆ ಶಾಶ್ವತ ಜಯವನ್ನೂ ತರಲಿಲ್ಲ. 1952ರ ಅಧ್ಯಕ್ಷ ಚುನಾವಣೆಯಲ್ಲಿ ಸ್ಟೀವನ್ಸನ್ ಐಸೆನ್‌ಹೋವರ್ ಅವರ ಎದುರು ಸೋತರು. ಇಲಿನಾಯ್ ಕೂಡ ಅವರ ಕೈಬಿಟ್ಟಿತು. 1955ರಲ್ಲಿ ಇಲಿನಾಯ್‌ನಲ್ಲಿ ಸರಕಾರಿ ನೌಕರರ ನಿಷ್ಠಾಪ್ರಮಾಣದ ಕಾನೂನು ಬಂದೇ ಬಂದಿತು. ಮರುವರ್ಷ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾಲ ಕಳೆದಂತೆ ದೇಶದ ನ್ಯಾಯಾಲಯಗಳ ನಿಲುವು ಬದಲಾಯಿತು. 1967ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ನ್ಯೂಯಾರ್ಕ್‌ನ ಶಿಕ್ಷಕರಿಗೆ ಸಂಬಂಧಿಸಿದ ಕಾನೂನನ್ನೂ, ಮೇರಿಲ್ಯಾಂಡ್‌ನ ಓಬರ್ ಕಾನೂನಿನ ಮೇಲೆ ನಿಂತಿದ್ದ ಪ್ರಮಾಣವನ್ನೂ ರದ್ದುಗೊಳಿಸಿತು. ಸ್ಟೀವನ್ಸನ್ ಅದನ್ನು ನೋಡಲು ಉಳಿದಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗಲೇ 1965ರ ಜುಲೈ 14ರಂದು ಅವರು ಲಂಡನ್‌ನಲ್ಲಿ ನಿಧನರಾದರು.

ಗವರ್ನರ್ ಮತ್ತು ರಾಜ್ಯಪಾಲ

ಇಂಗ್ಲಿಷಿನಲ್ಲಿ ಎರಡು ಹುದ್ದೆಗಳಿಗೂ ಒಂದೇ ಹೆಸರಿರುವುದರಿಂದ ಕನ್ನಡದ ಓದುಗರು ಈ ಚರ್ಚೆಯನ್ನು ಭಾರತದ ರಾಜ್ಯಪಾಲರ ಹುದ್ದೆಗೆ ನೇರವಾಗಿ ಅನ್ವಯಿಸುವ ಸಾಧ್ಯತೆಯಿದೆ. ಅದು ಸರಿಯಾಗಲಾರದು. ಭಾರತದ ರಾಜ್ಯಪಾಲರು ಚುನಾಯಿತರಲ್ಲ. ರಾಷ್ಟ್ರಪತಿಗಳಿಂದ ನೇಮಕಗೊಂಡು, ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದವರು. ಬಹುಮತದ ಎದುರು ನಿಲ್ಲಲು ಸ್ಟೀವನ್ಸನ್ ಅವರಿಗಿದ್ದ ಜನಾದೇಶದ ಬಲ ಅವರಿಗಿಲ್ಲ. ಸಂವಿಧಾನದ 200ನೆಯ ವಿಧಿ ಮಸೂದೆಗೆ ಒಪ್ಪಿಗೆ ಕೊಡುವ, ತಡೆಹಿಡಿಯುವ, ಸಂದೇಶದೊಡನೆ ಹಿಂದಿರುಗಿಸುವ ಮತ್ತು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸುವ ಬಗೆಯನ್ನು ಹೇಳುತ್ತದೆ. 2025ರ ನವೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ನೀಡಿದ ಅಭಿಪ್ರಾಯದಲ್ಲಿ, ನ್ಯಾಯಾಲಯವು ರಾಜ್ಯಪಾಲರಿಗೆ ಕಾಲಮಿತಿ ವಿಧಿಸಲಾರದು ಎಂದು ಹೇಳಿದರೂ, ಒಪ್ಪಿಗೆ ಕೊಡದ ಮಸೂದೆಯನ್ನು ಸದನಕ್ಕೆ ಹಿಂದಿರುಗಿಸದೆ ಹಾಗೆಯೇ ತಡೆಹಿಡಿಯುವಂತಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿದೆ. ಹುದ್ದೆಗಳ ಸ್ವರೂಪ ಬೇರೆಯಾದರೂ, ಬೇಡವೆನ್ನುವವರು ಕಾರಣವನ್ನು ಬರೆದು ಹೇಳಬೇಕು ಎಂಬ ಕರ್ತವ್ಯದ ಮಟ್ಟಿಗೆ ಇಲಿನಾಯ್‌ನ ನಿದರ್ಶನ ಭಾರತಕ್ಕೂ ಪ್ರಸ್ತುತವಾಗುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಸ್ಟೀವನ್ಸನ್ ಅವರ ಎರಡು ನಿರಾಕರಣೆಗಳು ಜನಪ್ರಿಯ ಭಯವನ್ನು ಕಾನೂನಾಗಿ ಮಾಡುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆಯನ್ನು ದಾಖಲಿಸಿವೆ: ಈ ಕಾನೂನು ಜಾರಿಯಾದ ಮಾರನೆಯ ದಿನ ಬೇಲಿಯ ಆಚೆ-ಈಚೆಯ ಎರಡು ಮನೆಗಳ ನಡುವೆ ಏನು ನಡೆಯುತ್ತದೆ? ಹಕ್ಕಿಗಳ ರಕ್ಷಣೆ, ದೇಶದ ರಕ್ಷಣೆ ಎರಡೂ ಘನವಾದ ಉದ್ದೇಶಗಳು. ಆದರೆ ಬೋನು ಹಿಡಿದ ನೆರೆಯವನಿಂದಾಗಲಿ ಕಡತಕ್ಕೆ ಹೆಸರು ಕೊಡುವ ನೆರೆಯವನಿಂದಾಗಲಿ ಅವು ಸಾಧಿತವಾಗುವುದಿಲ್ಲ. ಆಣೆಯನ್ನು ವ್ಯಾಜ್ಯದ ಕೊನೆಗೆ ಇಟ್ಟು, ಆರೋಪಿಸುವವನನ್ನೂ ಅದರ ಹೊಣೆಗೆ ಒಳಪಡಿಸಿದ ಜನಪದ ವಿವೇಕ ಇದನ್ನು ಬಹಳ ಹಿಂದೆಯೇ ಅರಿತಿತ್ತು. 1951ರಲ್ಲಿ ಸೋಲುವ ಸಾಧ್ಯತೆಯನ್ನು ತಿಳಿದೂ ಒಬ್ಬ ಗವರ್ನರ್ ಆ ವಿವೇಕವನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟರು. ಅವರು ತಡೆದ ಪ್ರಮಾಣ ನಾಲ್ಕು ವರ್ಷಗಳಲ್ಲಿ ಬೇರೆ ರೂಪದಲ್ಲಿ ಹಿಂದಿರುಗಿತು. ಅವರು ಬರೆದ ಕಾರಣಗಳು ಮಾತ್ರ ಸದನದ ನಡಾವಳಿಯಲ್ಲಿ ಉಳಿದು, ಇಂದಿಗೂ ಓದಿ ಚರ್ಚಿಸಬಹುದಾದ ಸಾಕ್ಷ್ಯವಾಗಿವೆ.